ಪೂಜೆ ಮುಗಿಯುವ ತನಕ

ಅಮೆರಿಕದ ಈಸ್ಟ್‌ಗೇಟಿನ ಆ ಮನೆಯಲ್ಲಿ ಚನ್ನಬಸಮ್ಮನನ್ನು ಯಾರೂ ಕೆಲಸದವಳು ಎಂದು ಕರೆದವರಲ್ಲ. ಅಷ್ಟು ಮರ್ಯಾದೆ ಬಲ್ಲ ಮನೆ ಅದು. ಬಂದ ಅತಿಥಿಗಳು ಅಡುಗೆಮನೆಯ ಕಡೆ ಕತ್ತು ಚಾಚಿ "ಅವರ್ಯಾರು?" ಎಂದು ಕೇಳಿದರೆ ಪ್ರೇಮಮ್ಮ, "ನಮ್ಮ ಮನೆಯವಳೇ. ನನಗೆ ತಂಗಿ ಇದ್ದ ಹಾಗೆ," ಎನ್ನುತ್ತಿದ್ದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಪ್ರೇಮಮ್ಮನ ಯಜಮಾನರು ಬದುಕಿದ್ದು ಇಂಜಿನಿಯರಾಗಿ ರಾಣೆಬೆನ್ನೂರಿನಲ್ಲಿದ್ದ ಕಾಲದಿಂದ ಚನ್ನಬಸಮ್ಮ ಅವರ ಅಡುಗೆಮನೆ ಕಂಡವಳು. ಆದರೆ ತಂಗಿ ಎಂದ ಮೇಲೆ ಒಂದು ತೊಂದರೆ ಉಂಟು. ಕೆಲಸದವಳಾದರೆ ರಜೆ ಕೇಳಬಹುದು. ತಂಗಿ ಹೇಗೆ ಕೇಳುತ್ತಾಳೆ?

ಸೊಸೆ ಅನುಷಾಳ ಎರಡನೆಯ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಾಗ ಪ್ರೇಮಮ್ಮ, "ಈ ವಯಸ್ಸಲ್ಲಿ ಒಬ್ಬಳ ಕೈಲಾಗಲ್ಲಪ್ಪ," ಎಂದು ಅವಳನ್ನೂ ಜೊತೆಗೆ ಹೊರಡಿಸಿದ್ದರು. ವೀಸಾ, ಟಿಕೆಟ್ಟು ಎಲ್ಲ ಮಗ ಧನಂಜಯನೇ ನೋಡಿಕೊಂಡ. ಸಂಬಳವನ್ನು ಊರಿನಲ್ಲಿದ್ದ ಅವಳ ತಮ್ಮ ಗದಿಗೆಪ್ಪನಿಗೆ ತಪ್ಪದೆ ತಲುಪಿಸುತ್ತಿದ್ದ. ಮಗು ಕತ್ತು ನಿಲ್ಲಿಸುವವರೆಗೆ ಎಂದು ಬಂದವಳು ಅವಳು. ಉದಯ್ ಕತ್ತು ನಿಲ್ಲಿಸಿದ, ಅಂಬೆಗಾಲಿಟ್ಟ. ದೀಪಾವಳಿ ಆಗಲಿ ಎಂದರು. ಸಂಕ್ರಾಂತಿ ಆಗಲಿ ಎಂದರು. ವೀಸಾ ಮುಂದಕ್ಕೆ ಹಾಕಿಸಿ ಶಿವರಾತ್ರಿ ಕಳೆಯಲಿ ಎಂದರು. ಚನ್ನಬಸಮ್ಮ ಪ್ರತಿಸಲವೂ "ಆತ್ರಿ" ಎಂದಳು. ಊರಿನಲ್ಲಿ ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹಣ್ಣು ಹಣ್ಣಾದ ತಾಯಿಯೊಬ್ಬಳಿದ್ದಳು. ಆ ಅವ್ವನನ್ನು ಕಣ್ಣಲ್ಲಿ ಕಣ್ಣಿಟ್ಟು ಒಮ್ಮೆ ನೋಡಬೇಕೆಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆಯಿರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿಯ ವಸಂತ ಅದು. ಹೈಸ್ಕೂಲಿಗೆ ಹೋಗುತ್ತಿದ್ದ ಮೊಮ್ಮಗಳು ಕವನಾ ಒಂದು ಸಂಜೆ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಈ ದೇಶವನ್ನು ಇಂಗ್ಲಿಷರು ಆಳುತ್ತಿದ್ದಾಗ ಹಡಗಿನಲ್ಲಿ ಬಂದು, ಕೂಲಿಯ ಕರಾರಿಗೆ ಸಿಕ್ಕಿದ ಒಬ್ಬ ಆಳು ಮುಪ್ಪಿನಲ್ಲಿ ಬರೆದುಕೊಂಡ ಆತ್ಮಕಥೆಯಂತೆ. ಅದನ್ನು ಮನೆಯ ಹಿರಿಯರೊಬ್ಬರಿಗೆ ಹೇಳಿ, ಅವರು ಏನೆನ್ನುತ್ತಾರೆಂದು ಬರೆದು ತರಬೇಕೆಂದು ಟೀಚರ್ ಹೇಳಿದ್ದರು.

"ಅಜ್ಜಿಗೆ ಹೇಳು," ಎಂದಳು ಚನ್ನಬಸಮ್ಮ, ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ಯುತ್ತಾ.

"ಅಜ್ಜಿ ಸೀರಿಯಲ್ ನೋಡ್ತಾರೆ. ನೀವು ಕೇಳಿ ಚನ್ನತ್ತೆ."

ಪ್ರೇಮಮ್ಮ ಡೈನಿಂಗ್ ಟೇಬಲಿನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಟೀವಿಯೂ ಹಾಕಿರಲಿಲ್ಲ. ಆದರೂ ಮೊಮ್ಮಗಳ ಮಾತಿಗೆ ಬೇಸರ ಮಾಡಿಕೊಳ್ಳದೆ ಕಿವಿಯನ್ನು ಆ ಕಡೆಗೇ ಕೊಟ್ಟರು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಚನ್ನಬಸಮ್ಮನ ಮುಂದೆ ಮಾತ್ರ ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದಳು.

"ಅವನ ಹೆಸರು ಥಾಮಸ್. ದುಡ್ಡು ಇರ್ಲಿಲ್ಲ. ಫ್ರೀಯಾಗಿ ಹಡಗಲ್ಲಿ ಕರ್ಕೊಂಡು ಬಂದ್ರು. ಆಮೇಲೆ ಕ್ಯಾಪ್ಟನ್ ಅವನನ್ನ ಒಬ್ಬ ಹಿಟ್ಟಿನ ಗಿರಣಿಯವನಿಗೆ ಮಾರಿದ. ಏಳು ವರ್ಷಕ್ಕೆ."

"ಮಾರಿದ್ರ? ಮನಷಾನ್ನ?" ಚನ್ನಬಸಮ್ಮ ಕೈ ನಿಲ್ಲಿಸಿದಳು. "ಉಣ್ಣಾಕ ಏನ್ ಕೊಡ್ತಿದ್ರು ಆ ತಮ್ಮಣ್ಣಗ?"

ಥಾಮಸ್ ಅಂದಿನಿಂದ ತಮ್ಮಣ್ಣನಾದ. ರೊಟ್ಟಿ ಬಡಿಯುವಾಗ, ಪಾತ್ರೆ ಒರೆಸುವಾಗ, ಉದಯ್‌ನ ಬಟ್ಟೆ ಮಡಚುವಾಗ ತಮ್ಮಣ್ಣನ ಕಥೆ ಮುಂದುವರಿಯಿತು. ಅವನು ಜೋಳದ ಗಂಜಿ ಕುಡಿದ. ಗಿರಣಿಯ ಅಟ್ಟದ ಮೇಲೆ ಚೀಲಗಳ ನಡುವೆ ಮಲಗಿದ. ಹಡಗಿನಲ್ಲಿ ಜೊತೆಗೆ ಬಂದ ಗೆಳೆಯನೊಬ್ಬ ಪಕ್ಕದ ಊರಲ್ಲಿ ಕಾಯಿಲೆ ಬಿದ್ದನೆಂದು ಕೇಳಿ, ಹೇಳದೆ ಹೊರಟ. ಹಿಡಿದು ತಂದರು. ತಪ್ಪಿಸಿಕೊಂಡ ದಿನಗಳಿಗೆ ಬದಲಾಗಿ ತಿಂಗಳುಗಳನ್ನೇ ಅವನ ಕರಾರಿಗೆ ಸೇರಿಸಿದರು.

"ಮುಗದಿದ್ದು ಮತ್ತ ಬೆಳೀತು ಅನ್ನು," ಎಂದಳು ಚನ್ನಬಸಮ್ಮ. "ಅಲ್ಲವ್ವ, ಅವಂಗ ಅವ್ವ ಇದ್ದಿಲ್ಲೇನು?"

"ಇದ್ಲು. ಹಡಗು ಹತ್ತೋವಾಗ ಅಳ್ತಾ ನಿಂತಿದ್ಲು ಅಂತ ಬರ್ದಿದಾನೆ."

"ಹಂಗಾರ ಕಡೀಕ ಅವ್ವನ್ನ ನೋಡ್ತಾನ. ಕಥಿ ಅಂದ್ರ ಹಂಗ ಇರ್ತೈತಿ," ಎಂದು ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಬೆಂಕಿ ಎಲ್ಲಿಂದ ಎಲ್ಲಿಗೆ ಹಾರುತ್ತದೋ ಯಾರು ಬಲ್ಲರು. ಆ ವಾರವೇ ರಾತ್ರಿ ಊಟದಲ್ಲಿ ಕವನಾ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು:

"ಅಪ್ಪಾ, ಚನ್ನತ್ತೆ ಪಾಸ್‌ಪೋರ್ಟ್ ಎಲ್ಲಿದೆ?"

"ನನ್ನ ಡ್ರಾಯರಲ್ಲಿ. ಎಲ್ಲರದೂ ಅಲ್ಲೇ ಇದೆ, ನಿಂದೂ, ಅಜ್ಜಿದೂ. ಯಾಕೆ?"

ನೀವಾಗಿಯೇ ಇಟ್ಟುಕೊಂಡಿರೋ, ಅವರೇ ಇಟ್ಟುಕೊಳ್ಳಿ ಎಂದರೋ ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಥಾಮಸ್‌ನ ಗಿರಣಿಯವನೂ ಕರಾರಿನ ಕಾಗದವನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟಿದ್ದ ಎಂದೂ ಸೇರಿಸಿದಳು. ಧನಂಜಯನ ಮುಖ ಕೆಂಪಗಾಯಿತು.

"ಏನೇ ಮಾತಾಡ್ತಿದೀಯ? ನಾನು ಅವಳನ್ನ ಕೊಂಡ್ಕೊಂಡಿದೀನಾ? ಕಟ್ಟಿಹಾಕಿದೀನಾ? ಕೇಳು, ಅವಳನ್ನೇ ಕೇಳು!"

"ಊಟದ ಹೊತ್ತಲ್ಲಿ ಇದೆಲ್ಲ ಬೇಕಾ?" ಎಂದು ಅನುಷಾ ನಡುವೆ ಬಾಯಿ ಹಾಕಿದಳು. "ಕವನಾ, ನಿನ್ನ ಪ್ರಾಜೆಕ್ಟ್ ಸ್ಕೂಲಿಗೆ ಬರಿ, ಮನೇಲಿ ಬೇಡ. ನಾಳೆ ಬೆಳಿಗ್ಗೆ ಎಂಟಕ್ಕೆ ನನಗೆ ಕರ್ಕ್‌ಲ್ಯಾಂಡಲ್ಲಿ ಮೀಟಿಂಗ್ ಇದೆ. ಆಕೆ ಇಲ್ದಿದ್ರೆ ಈ ಮಗುನ ಯಾರು ನೋಡ್ತಿದ್ರು, ಅದನ್ನ ಹೇಳು."

ಬಿಸಿ ರೊಟ್ಟಿ ತಂದ ಚನ್ನಬಸಮ್ಮ ಬಾಗಿಲಲ್ಲೇ ನಿಂತಿದ್ದಳು.

"ಆ ಪಾಸ್‌ಪೋರ್ಟ್ ಬುಕ್ಕು ನನಗ್ಯಾಕ್ರಿ ಅಣ್ಣಾರ? ಕಳಕೊಂಡ್ರ ಏನ್ ಮಾಡ್ಲಿ? ನಿಮ್ಮಲ್ಲೇ ಇರ್ಲಿ. ಆದ್ರ..." ಅವಳು ರೊಟ್ಟಿಯನ್ನು ಧನಂಜಯನ ತಟ್ಟೆಗೆ ಹಾಕಿದಳು. "ಯಾವಾಗ ಕಳಸ್ತೀರಿ ಅನ್ನೂದು ಒಂದ್ ಹೇಳಿಬಿಡ್ರಿ. ಅವ್ವ ಫೋನ್‌ನ್ಯಾಗ ಅದನ್ನ ಕೇಳ್ತಾಳ."

ಧನಂಜಯನೇ, "ಉದಯ್ ಬರ್ತ್‌ಡೇ, ಸತ್ಯನಾರಾಯಣ ಪೂಜೆ ಆಗ್ಲಿ. ಮಾರನೇ ವಾರದ ಟಿಕೆಟ್ ತೆಗೀತೀನಿ. ಪ್ರಾಮಿಸ್," ಎಂದ. ಪಾಪ, ಆ ಗಳಿಗೆಯಲ್ಲಿ ಅವನು ಮನಸ್ಸಿನಿಂದಲೇ ಹೇಳಿದ್ದ.

ಪ್ರೇಮಮ್ಮ ಮುರಿದ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. ಬೆಳಗಾದರೆ ಎರಡು ಕಾರು, ಒಂದು ಸ್ಕೂಲ್ ಬಸ್ಸು ಮನೆಯವರನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದವು. ಆಮೇಲೆ ಸಂಜೆಯವರೆಗೆ ಆ ದೊಡ್ಡ ಮನೆಯಲ್ಲಿ ಮಗು, ಚನ್ನಬಸಮ್ಮ ಮತ್ತು ತಾವು. ಅವಳು ಹೋದರೆ ಮಗುವನ್ನು ಡೇಕೇರಿಗೆ ಹಾಕುವುದೆಂದು ಮಗ ಸೊಸೆ ಮಾತಾಡಿಕೊಂಡಿದ್ದರು. ಅಲ್ಲಿಗೆ ಉಳಿದದ್ದು ತಾವೊಬ್ಬರೇ. ಡಿಸೆಂಬರಿನ ಬಿರುಗಾಳಿಗೆ ಊರಿಗೆ ಊರೇ ಕರೆಂಟಿಲ್ಲದೆ ನಡುಗಿದಾಗ, ಹಿತ್ತಲಿನ ಗ್ರಿಲ್ಲಿನ ಮೇಲೆ ರೊಟ್ಟಿ ಸುಟ್ಟು, ಒಂದೇ ಕಂಬಳಿಯಲ್ಲಿ ಪಕ್ಕದಲ್ಲಿ ಕೂತು ರಾಣೆಬೆನ್ನೂರಿನ ಸುದ್ದಿ ಹೇಳಿದವಳು ಅವಳು. ಹೋಗಬೇಡ ಎನ್ನಲು ಪ್ರೇಮಮ್ಮನಿಗೆ ಬಾಯಿ ಬರಲಿಲ್ಲ. ಹೋಗು ಎನ್ನಲು ಮನಸ್ಸೂ ಬರಲಿಲ್ಲ.

ಚನ್ನಬಸಮ್ಮನಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅನುಷಾಳ ಜೊತೆ ಬೆಲ್ವ್ಯೂಗೆ ಹೋದಾಗ ಅವ್ವನಿಗೆಂದು ದಪ್ಪನೆಯ ಉಣ್ಣೆಯ ಕಾಲುಚೀಲ ತಂದಳು. "ಅವ್ವನ ಕಾಲು ಯಾವಾಗ್ಲೂ ತಣ್ಣಗ ಇರ್ತಾವ್ರಿ ಅಕ್ಕಾರ," ಎಂದು ಅದನ್ನು ಪ್ರೇಮಮ್ಮನ ಕೆನ್ನೆಗೇ ಒತ್ತಿ ತೋರಿಸಿದಳು.

ಭಾನುವಾರ ಪೂಜೆ. ಬುಧವಾರ ಬೆಳಿಗ್ಗೆ ಫೋನು ಬಂತು. ಚನ್ನಬಸಮ್ಮ ಉದಯ್‌ನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೀದಿ ಸುತ್ತಲು ಹೋಗಿದ್ದಳು. ಪ್ರೇಮಮ್ಮನೇ ಎತ್ತಿದರು. ಗದಿಗೆಪ್ಪ.

"ಅಕ್ಕಾರ, ಅವ್ವ ಅನ್ನ ನೀರು ಬಿಟ್ಟಾಳ್ರಿ. ಚನ್ನಿ, ಚನ್ನಿ ಅಂತ ಒಂದ ಸಮ ಕನವರಸ್ತಾಳ. ಡಾಕ್ಟರು ಕೈ ಚೆಲ್ಯಾರ. ಅಕ್ಕಗ ಸ್ವಲ್ಪ ಕೊಡ್ರಿ. ಅವ್ವನ ಕಿವಿಗೆ ಫೋನ್ ಹಿಡೀತೀನಿ, ಒಂದ್ ಮಾತು ಆಡಿದ್ರ ಸಾಕು."

"ಹೊರಗೆ ಹೋಗಿದಾಳಪ್ಪ. ಬಂದ ಕೂಡ್ಲೇ ಮಾಡಿಸ್ತೀನಿ," ಎಂದರು ಪ್ರೇಮಮ್ಮ.

ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಫೋನಿಟ್ಟು ಕಿಟಕಿಯ ಹತ್ತಿರ ನಿಂತರು. ಹೇಳಿದರೆ ಇವತ್ತೇ ಹೊರಡುತ್ತೇನೆ ಎನ್ನುತ್ತಾಳೆ. ಅರವತ್ತು ಜನಕ್ಕೆ ಕರೆದಾಗಿದೆ. ಹೂರಣ ಅರೆಯುವವರು ಯಾರು, ಒಬ್ಬಟ್ಟು ತಟ್ಟುವವರು ಯಾರು? ಅನುಷಾಗೆ ಸಾರಿಗೆ ಒಗ್ಗರಣೆ ಹಾಕಲೂ ಪುರುಸೊತ್ತಿಲ್ಲ. ಒಂದು ಮಾತು ಆಡಿಸಿದರೆ ಸಾಕು ಎಂದನಲ್ಲ ಗದಿಗೆಪ್ಪ. ಆದರೆ ಆ ಒಂದು ಮಾತು ಆಡಿದ ಮೇಲೆ ಅವಳು ನಿಲ್ಲುತ್ತಾಳೆಯೇ? ಮುದುಕರು ಅನ್ನ ನೀರು ಬಿಡುವುದು, ಮತ್ತೆ ಎದ್ದು ಕೂರುವುದು ಎಲ್ಲ ಕಡೆ ಇದ್ದದ್ದೇ. ಮೂರು ನಾಲ್ಕು ದಿನ ತಾನೇ. ಹೀಗೆ ತಮಗೆ ತಾವೇ ಹೇಳಿಕೊಂಡರು. ತಮ್ಮ ಮನಸ್ಸನ್ನು ಒಪ್ಪಿಸುವುದರಲ್ಲಿ ಪ್ರೇಮಮ್ಮನನ್ನು ಮೀರಿಸಿದವರಿಲ್ಲ.

ಚನ್ನಬಸಮ್ಮ ಬಂದಳು. ಉದಯ್‌ನ ತಲೆಯ ತುಂಬ ಚೆರ್ರಿ ಹೂವಿನ ಎಸಳು.

"ಫೋನ್ ಬಡಕೊಂಡಂಗಾತು. ಯಾರ್ರಿ ಅಕ್ಕಾರ?"

"ಯಾರೋ ಮಾರೋರದು," ಎಂದರು ಪ್ರೇಮಮ್ಮ.

ಅವಳು ನಂಬಿದಳು. ಏನಾದರೊಂದು ಮಾರಲು ದಿನಕ್ಕೆ ಎರಡು ಸಲವಾದರೂ ಯಾರೋ ಫೋನು ಮಾಡುತ್ತಿದ್ದ ಕಾಲ ಅದು.

ಶನಿವಾರ ಬೆಳಿಗ್ಗೆ ಮತ್ತೆ ಫೋನು. ಪ್ರೇಮಮ್ಮ ಬುಧವಾರದಿಂದ ಅದರ ಹತ್ತಿರವೇ ಕೂತಿದ್ದರು. ಗದಿಗೆಪ್ಪನ ಧ್ವನಿ ಈಗ ಇಳಿದಿತ್ತು. ಅವ್ವ ಇಲ್ಲಿ ಸಂಜೆ ಹೋದಳು. ನಾಳೆ ಮಣ್ಣು. ಅಕ್ಕಗೆ ನೀವೇ ಸಮಾಧಾನ ಮಾಡಿ ಹೇಳ್ರಿ.

ಪ್ರೇಮಮ್ಮ ಅತ್ತರು ಕೂಡ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು. ಆದರೆ ಹೊರಗೆ ಬರುವ ಹೊತ್ತಿಗೆ ಇನ್ನೊಂದು ಯೋಚನೆ ತಲೆಯಲ್ಲಿ ಕೂತಿತ್ತು: ತಾಯಿ ಸತ್ತ ಸುದ್ದಿ ಕಿವಿಗೆ ಬಿದ್ದರೆ ಸೂತಕ. ಸೂತಕದ ಕೈಯಲ್ಲಿ ದೇವರ ನೈವೇದ್ಯ ಮಾಡಿಸುವುದು ಹೇಗೆ? ಕಿವಿಗೆ ಬೀಳದಿದ್ದರೆ ಸೂತಕವಿಲ್ಲ, ಹಿಂದಿನವರೇ ಹೇಳಿದ್ದಾರೆ. ಮಗುವಿನ ಮೊದಲ ವರ್ಷದ ಪೂಜೆ. ಹೇಗೂ ಹೋದವಳು ಹೋದಳು, ಇನ್ನು ಹೇಳುವುದು ಇಂದಾದರೇನು ನಾಳೆಯಾದರೇನು. ಬುಧವಾರ ನುಂಗಿದ್ದನ್ನು ಮುಚ್ಚಲು ಶನಿವಾರ ಒಳ್ಳೆಯ ಶಾಸ್ತ್ರವೇ ಸಿಕ್ಕಿತು.

ಸಂಜೆ ಅಡುಗೆಮನೆಯಲ್ಲಿ ಚನ್ನಬಸಮ್ಮ ಹೂರಣದ ಉಂಡೆ ಕಟ್ಟುತ್ತಿದ್ದಳು. ಕವನಾ ಪುಸ್ತಕದ ಕೊನೆಯ ಅಧ್ಯಾಯ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು. ಪ್ರೇಮಮ್ಮ ಕಾಯಿ ತುರಿಯುತ್ತಿದ್ದರು.

"ಏಳು ವರ್ಷ ಆಯ್ತು, ಸೇರಿಸಿದ್ದೂ ಮುಗೀತು. ಅವನನ್ನ ಬಿಟ್ರು. ಒಂದು ಕೋಟು, ಒಂದು ಕೊಡಲಿ, ಸ್ವಲ್ಪ ಜೋಳ ಕೊಟ್ರು. ಅದು ರೂಲು."

"ಬರಿಗೈಲೆ ಕಳಸಲಿಲ್ಲಲ್ಲ. ಅಷ್ಟರ ಮಟ್ಟಿಗೆ ಚಲೋ ಮಂದಿ. ಆಮ್ಯಾಲೆ?"

"ಆಮೇಲೆ ಹಡಗಿಗೆ ದುಡ್ಡು ಇಲ್ಲ. ಇಲ್ಲೇ ಜಮೀನು ತಗೊಂಡ. ಮದುವೆ ಆದ. ಮಕ್ಕಳು. ಮುದುಕ ಆಗಿ ಈ ಬುಕ್ ಬರ್ದ. ಅಷ್ಟೇ."

"ಅವನ ಅವ್ವ?"

ಕವನಾ ಹಿಂದೆ ಮುಂದೆ ಹಾಳೆ ತಿರುಗಿಸಿದಳು. "ಅವಳ ಬಗ್ಗೆ ಮತ್ತೆ ಏನೂ ಇಲ್ಲ ಚನ್ನತ್ತೆ. ಅವನು ಬರೆದೇ ಇಲ್ಲ."

ಚನ್ನಬಸಮ್ಮ ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿದಳು.

"ಬರೀಲಿಲ್ಲ ಅಂದ್ರ ಸಿಗಲಿಲ್ಲ ಅಂತನ," ಎಂದಳು. "ನೋಡಿದ್ರ ಬರೀತಿದ್ದ. ಅವ್ವನ್ನ ನೋಡಿದ್ದು ಯಾರಾರ ಬರೀದ ಬಿಡ್ತಾರ?" ಆಮೇಲೆ ನಕ್ಕು, "ನನಗ ದೇವರು ದೊಡ್ಡಾವ. ಬರೂ ವಾರ ಈ ಹೊತ್ತಿಗೆ ಅವ್ವನ ಕಾಲು ತಿಕ್ಕೋತ ಕುಂತಿರ್ತೀನಿ," ಎಂದಳು.

ಪ್ರೇಮಮ್ಮನ ಬೆರಳಿಗೆ ತುರಿಮಣೆ ತಾಗಿ ರಕ್ತ ಬಂತು. "ಅಯ್ಯ, ನೋಡ್ಕೊಂಡ್ ತುರೀಬಾರದೇನ್ರಿ ಅಕ್ಕಾರ," ಎಂದು ಚನ್ನಬಸಮ್ಮ ಓಡಿಬಂದು ಅರಿಶಿನ ಒತ್ತಿದಳು. ಆಗಲಾದರೂ ಹೇಳಬಹುದಿತ್ತು. ಅವಳ ಕೈ ಇವರ ಕೈಯೊಳಗೇ ಇತ್ತು. ಹೇಳಲಿಲ್ಲ.

ಪೂಜೆ ಚೆನ್ನಾಗಿಯೇ ಆಯಿತು. ಭಟ್ಟರು ಕಥೆ ಓದಿದರು, ಉದಯ್ ಭಟ್ಟರ ಮಣಿಸರಕ್ಕೆ ಕೈ ಹಾಕಿ ಎಲ್ಲರನ್ನೂ ನಗಿಸಿದ. ಪಕ್ಕದ ಮನೆಯ ಸುರಯ್ಯಾ ಒಬ್ಬಟ್ಟನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡು, "ಆಂಟಿ, ಮೈಸೂರಲ್ಲೂ ಇಂಥದ್ದು ತಿಂದಿಲ್ಲ. ಮಾಡಿದ್ಯಾರು?" ಎಂದಳು. "ನಮ್ಮ ಮನೆಯವಳೇ," ಎಂದರು ಪ್ರೇಮಮ್ಮ. ಆ ಮಾತು ಅಂದು ಅವರ ಬಾಯಲ್ಲೇ ಕಹಿಯಾಯಿತು.

ಕೊನೆಯ ಅತಿಥಿ ಹೋದಮೇಲೆ ಚನ್ನಬಸಮ್ಮನನ್ನು ಕೂರಿಸಿ ತಾವೇ ಬಡಿಸಿದರು. ಕೆಟ್ಟ ಸುದ್ದಿಯನ್ನು ಖಾಲಿ ಹೊಟ್ಟೆಗೆ ಹೇಳಬಾರದು. ಅವಳು ಉಂಡು ಕೈ ತೊಳೆದು ಬಂದಾಗ ಹತ್ತಿರ ಕೂರಿಸಿಕೊಂಡು ಹೇಳಿದರು.

ಅವಳು ಕೂಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ತಮ್ಮಗ ಫೋನ್ ಹಚ್ಚಿಕೊಡ್ರಿ," ಎಂದಳು. ಧನಂಜಯ ಹಚ್ಚಿಕೊಟ್ಟ. ಅವಳು ಫೋನು ಹಿಡಿದು ಹಿತ್ತಲಿಗೆ ಹೋದಳು. ಗಾಜಿನ ಬಾಗಿಲಿನ ಆಚೆ ಅವಳ ಬೆನ್ನು ಅಲುಗುವುದು ಕಾಣುತ್ತಿತ್ತು. ಒಂದು ಗಳಿಗೆಯಲ್ಲಿ ಆ ಬೆನ್ನು ಅಲುಗುವುದು ನಿಂತಿತು. ಪ್ರೇಮಮ್ಮನಿಗೆ ತಿಳಿಯಿತು.

ಒಳಗೆ ಬಂದವಳು ಫೋನನ್ನು ಅದರ ಜಾಗದಲ್ಲಿಟ್ಟಳು.

"ಬುಧವಾರ ಮಾರೋರದು ಅಂದ್ರಲ್ರಿ ಅಕ್ಕಾರ."

ಧನಂಜಯ, ಅನುಷಾ, ಕವನಾ ಮೂವರೂ ತಿರುಗಿ ನೋಡಿದರು.

"ಪೂಜೆ ಇತ್ತು ಕಣೇ..." ಎಂದರು ಪ್ರೇಮಮ್ಮ. "ಸೂತಕ ಅಂತ... ಅಡುಗೆ ಮಾಡೋರಿಗೆ ಸೂತಕ ಬಂದ್ರೆ ದೇವರಿಗೆ ಹೇಗೆ ಇಡೋದು..."

"ನಮ್ಮೊಳಗ ಸೂತಕ ಇಲ್ರಿ," ಎಂದಳು ಚನ್ನಬಸಮ್ಮ. ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಅವಳ ಕೈಯಿತ್ತು. "ಲಿಂಗ ಕಟ್ಟಿದವ್ರಿಗೆ ಎಲ್ಲೀ ಸೂತಕ. ಇಷ್ಟು ವರ್ಷ ಸಂಗಾಟ ಇದ್ರಿ, ನಿಮಗ ಗೊತ್ತಿಲ್ಲೇನು? ಮತ್ತ ಬುಧವಾರ ಅವ್ವ ಸತ್ತಿದ್ದಿಲ್ಲ. ಸೂತಕ ಎಲ್ಲಿತ್ರಿ ಬುಧವಾರ?"

ಪ್ರೇಮಮ್ಮ ಟೇಬಲಿನ ಮೇಲಿನ ಹೂಬತ್ತಿಗಳನ್ನು ಒಟ್ಟುಗೂಡಿಸತೊಡಗಿದರು.

"ಹೇಳಿದ್ರ ನಾ ಓಡಿ ಹೋಗ್ತಿದ್ದಿಲ್ರಿ. ಓಡಿ ಎಲ್ಲಿಗೆ ಹೋಗ್ಲಿ, ನಡುವ ಸಮುದ್ರ ಐತಿ. ಅವ್ವನ ಕೂಡ ಒಂದ್ ಮಾತು ಆಡಿ ಬಂದು ನಿಮ್ಮ ಹೋಳಿಗಿ ಮಾಡೇ ಕೊಡ್ತಿದ್ದೆ."

ಇಷ್ಟು ಹೇಳಿ ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸಿಂಕಿಗೆ ಹಾಕತೊಡಗಿದಳು. ಕವನಾ ಎದ್ದು ಹೋಗಿ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಆ ಮನೆಯ ಪಾತ್ರೆಗಳನ್ನು ಅಂದು ಅನುಷಾ, ಕವನಾ ತೊಳೆದರು.

ಧನಂಜಯ ಸಿಕ್ಕಿದ ಮೊದಲ ವಿಮಾನಕ್ಕೆ ಟಿಕೆಟ್ ತೆಗೆದ. ಡ್ರಾಯರಿನಿಂದ ಪಾಸ್‌ಪೋರ್ಟ್ ತಂದು ತಾನೇ ಅವಳ ಕೈಗಿತ್ತ. ಪ್ರೇಮಮ್ಮ ತಮ್ಮ ಪೆಟ್ಟಿಗೆಯಿಂದ ಎರಡು ರೇಷ್ಮೆ ಸೀರೆ, ಮಗನಿಂದ ಹಣ, ಒಂದು ಶಾಲು ಎಲ್ಲ ಕೂಡಿಸಿ ಕೊಟ್ಟರು. ಚನ್ನಬಸಮ್ಮ ಬೇಡವೆನ್ನಲಿಲ್ಲ, ಬೇಕು ಎನ್ನಲೂ ಇಲ್ಲ. ಕವನಾ ಅದನ್ನು ನೋಡುತ್ತಾ ನಿಂತಿದ್ದಳು. ಅವಳ ತಲೆಯಲ್ಲಿ ಓಡುತ್ತಿದ್ದ ಕೋಟು, ಕೊಡಲಿ, ಜೋಳ ಅಜ್ಜಿಗೂ ಕಾಣಿಸಿದವು.

ವಿಮಾನ ನಿಲ್ದಾಣದಲ್ಲಿ ಮಗುವಿಗೆ ಮುತ್ತಿಟ್ಟು, ಕವನಾಳ ಕೆನ್ನೆ ಸವರಿ, ಚನ್ನಬಸಮ್ಮ ಪ್ರೇಮಮ್ಮನಿಗೆ ಕೈ ಮುಗಿದಳು. "ಮೈ ಕಡೆ ಜ್ವಾಪಾನ್ರಿ ಅಕ್ಕಾರ," ಎಂದಳು. ಅದನ್ನಾದರೂ ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರಳುವ ದಾರಿಯಲ್ಲಿ ಧನಂಜಯ, "ನಂಗಾದ್ರೂ ಹೇಳ್ಬೇಕಿತ್ತಮ್ಮ. ಅವತ್ತೇ ಕಳಿಸ್ತಿದ್ದೆ," ಎಂದ.

"ಕಳಿಸ್ತಿದ್ಯೇನೋ? ಪೂಜೆ ಬಿಟ್ಟು?"

ಅವನು ಲೇನ್ ಬದಲಿಸಿದ. ಹಿಂದಿನ ಸೀಟಿನಲ್ಲಿ ಅನುಷಾ ಕಿಟಕಿಯ ಕಡೆ ಮುಖ ಮಾಡಿದಳು.

ಉದಯ್ ಡೇಕೇರಿಗೆ ಹೋಗತೊಡಗಿದ. ಚನ್ನಬಸಮ್ಮ ಮಲಗುತ್ತಿದ್ದ ಕೋಣೆಯ ಖಾನೆಯಲ್ಲಿ ಆ ಉಣ್ಣೆಯ ಕಾಲುಚೀಲ, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ, ಹಾಗೇ ಉಳಿದಿತ್ತು. ಪ್ರೇಮಮ್ಮ ಅದನ್ನು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಧೈರ್ಯ ಮಾಡಿ ಗದಿಗೆಪ್ಪನಿಗೆ ಫೋನು ಮಾಡಿದರು.

"ಹೊರಗ ಹೋಗ್ಯಾಳ್ರಿ ಅಕ್ಕಾರ. ಬಂದ ಕೂಡ್ಲೆ ಮಾಡಸ್ತೀನಿ," ಎಂದ ಗದಿಗೆಪ್ಪ, ಅವರದೇ ಮಾತನ್ನು ಅವರಿಗೆ ಹಿಂತಿರುಗಿಸಿದ ಹಾಗೆ. ಅವನಿಗೆ ಅದು ನೆನಪಿತ್ತೋ ಇಲ್ಲವೋ.

ಅಂದಿನಿಂದ ಪ್ರೇಮಮ್ಮ ಫೋನಿನ ಹತ್ತಿರವೇ ಹೂಬತ್ತಿ ಹೊಸೆಯುತ್ತಾ ಕೂರುತ್ತಾರೆ. ಬಡಿದುಕೊಂಡ ಕೂಡಲೇ ಎತ್ತಿ "ಚನ್ನೀ?" ಎನ್ನುತ್ತಾರೆ. ಆ ಕಡೆಯಿಂದ ಯಾರೋ ಕಾರ್ಪೆಟ್ಟು ತೊಳೆಯುತ್ತೇನೆಂದೋ, ವಿಮೆ ಕೊಡುತ್ತೇನೆಂದೋ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾರೆ. ಪ್ರೇಮಮ್ಮ ಥಟ್ಟನೆ ಇಡುವುದಿಲ್ಲ, ಕೊನೆಯವರೆಗೂ ಕೇಳುತ್ತಾರೆ.

ಸಂಜೆ ಕಾರು ನಿಲ್ಲಿಸಿ ಒಳಗೆ ಬಂದ ಅನುಷಾ ಚಪ್ಪಲಿ ಬಿಡುತ್ತಾ ಕೇಳುತ್ತಾಳೆ:

"ಅತ್ತೆ, ಯಾರಾದ್ರೂ ಫೋನ್ ಮಾಡಿದ್ರಾ?"

"ಯಾರೋ ಮಾರೋರದು," ಎನ್ನುತ್ತಾರೆ ಪ್ರೇಮಮ್ಮ. ಈಗ ಅದು ನಿಜ.